ಹದಿನೇಳರ ಮಗ್ಗಿ

ಬಾಗಿಲಿಗೆ ಅಂಟಿಸಿದ್ದ ಹಳದಿ ಚೀಟಿಯ ಮೇಲೆ ‘ಪರೀಕ್ಷೆ ನಡೆಯುತ್ತಿದೆ, ಮಾತು ಬೇಡ’ ಎಂದಿತ್ತು. ಬರೆದವಳು ನಾನೇ. ಅದೇ ಬಾಗಿಲ ಹೊರಗೆ ನಿಂತು ಮಾತನಾಡಿದವಳೂ ನಾನೇ — ಅತ್ತಿಗೆಯ ಪರೀಕ್ಷೆ ರದ್ದಾದದ್ದು ನನ್ನ ದನಿಯಿಂದ. ಎರಡು ವರ್ಷ ಅದನ್ನು ಯಾರಿಗೂ ಹೇಳಲಿಲ್ಲ.

ಆಗ ನಾನು ವಾಲ್‌ನಟ್ ಎಂಬ ಊರಿನಲ್ಲಿ ಅಣ್ಣನ ಮನೆಯಲ್ಲಿದ್ದೆ. ಅತ್ತಿಗೆ ಅಕೌಂಟಿಂಗ್ ಓದಲು ಕಾಲೇಜು ಸೇರುವವರಿದ್ದರು. ಗಣಿತದ ಒಂದು ಪರೀಕ್ಷೆ ಪಾಸಾದರೆ ಆ ವಿಷಯದ ಕ್ರೆಡಿಟ್ ಸಿಕ್ಕಿಬಿಡುತ್ತಿತ್ತು. ಪುಟ್ಟ ಮಗುವನ್ನು ಬಿಟ್ಟು ಒಂದು ಸೆಮಿಸ್ಟರ್ ಪೂರ್ತಿ ತರಗತಿಗೆ ಹೋಗಬೇಕಿರಲಿಲ್ಲ. ಮನೆಯಿಂದಲೇ ಬರೆಯಬಹುದಿತ್ತು. ಕೋಣೆಯಲ್ಲಿ ಒಬ್ಬರೇ ಇರಬೇಕು, ಮೇಲ್ವಿಚಾರಕಿ ಲ್ಯಾಪ್‌ಟಾಪಿನಲ್ಲಿ ನೋಡುತ್ತ, ಕೇಳುತ್ತ ಇರುತ್ತಾಳೆ. ನನ್ನ ಕೋಣೆ ಬಿಟ್ಟುಕೊಟ್ಟೆ. ಮನೆಯಲ್ಲಿ ಸದ್ದಾಗದಂತೆ ನೋಡಿಕೊಳ್ಳುತ್ತೇನೆ ಎಂದು ಮಾತೂ ಕೊಟ್ಟೆ.

ಪರೀಕ್ಷೆಯ ನಡುವೆ ಸ್ಯಾನ್ ಡಿಯಾಗೋದ ಕಂಪನಿಯಿಂದ ಫೋನು ಬಂತು. ಆ ಕೆಲಸಕ್ಕೆ ಅಪ್ಲೈ ಮಾಡಿದ್ದು ಅಣ್ಣನಿಗೆ ಗೊತ್ತಿರಲಿಲ್ಲ — ಮನೆ ಬಿಡುತ್ತೇನೆ ಎಂದು ಹೇಳುವ ಧೈರ್ಯ ಇನ್ನೂ... ಅವನು ಮಗುವಿನ ಜೊತೆ ಕೆಳಗಿದ್ದ. ಹಾಗಾಗಿ ಮೇಲೆಯೇ, ಆ ಬಾಗಿಲ ಪಕ್ಕದಲ್ಲೇ ನಿಂತು ಮಾತನಾಡಿದೆ. ಮೆಲ್ಲಗೆ ಅಂದುಕೊಂಡಿದ್ದೆ. ಯಾವಾಗ ಸೇರುತ್ತೀರಿ ಎಂದು ಅವರು ಕೇಳಿದಾಗ ದನಿ ತಾನಾಗಿ ಏರಿತು. ಒಳಗೆ ಲ್ಯಾಪ್‌ಟಾಪಿನಿಂದ ಹೆಣ್ಣುದನಿಯೊಂದು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: ಬೇರೆ ಯಾರೋ ಮಾತನಾಡುತ್ತಿದ್ದಾರೆ, ಪರೀಕ್ಷೆ ನಿಲ್ಲಿಸುತ್ತಿದ್ದೇನೆ.

ಲೆಕ್ಕಕ್ಕೆ ಕೂತರೆ ಅತ್ತಿಗೆಗೆ ಕುಕ್ಕರ್ ಕೂಗಿದ್ದೂ ಕೇಳಿಸದು. ಹೊರಬಂದವರು ತಮ್ಮನ್ನೇ ದೂರಿಕೊಂಡರು. “ನಂದೇ ತಪ್ಪು ಕಣೇ. ಕ್ಯಾಲ್ಕುಲೇಟರ್ ಇದ್ರೂ ಮಗ್ಗಿ ಬಾಯಿಗೆ ಬಂದ್ಬಿಡತ್ತೆ. ಅದನ್ನೇ ಬೇರೆ ಯಾರೋ ಮಾತಾಡ್ತಿದಾರೆ ಅಂದ್ಕೊಂಡ್ಲು ಲ್ಯಾಪ್‌ಟಾಪಲ್ಲಿದ್ದವ್ಳು.”

“ಹದಿನೇಳರ ಮಗ್ಗಿನಾ? ಪಾಪ, ಮಂತ್ರ ಹಾಕ್ತಿದಾಳೆ ಅಂತ ಹೆದರಿರ್ತಾಳೆ!” ಎಂದು ಅಣ್ಣ ನಕ್ಕ. ನಾನೂ ನಕ್ಕೆ.

ಕೆಲಸ ಸಿಕ್ಕಿತು, ನನ್ನ ಆಫೀಸು ಈಗ ಸ್ಯಾನ್ ಡಿಯಾಗೋದ ಕರ್ನಿ ಮೆಸಾದಲ್ಲಿ. ಅತ್ತಿಗೆ ಕಾಲೇಜು ಸೇರಲಿಲ್ಲ. ಹಬ್ಬಕ್ಕೆ ಸ್ನೇಹಿತರು ಸೇರಿದಾಗಲೆಲ್ಲ ಹದಿನೇಳರ ಮಗ್ಗಿಯ ಕಥೆ ಏಳುತ್ತಿತ್ತು; ಎಲ್ಲರಿಗಿಂತ ಮೊದಲು ಅತ್ತಿಗೆಯೇ ನಗುತ್ತಿದ್ದರು. ಆಗಲೂ ಹೇಳಬಹುದಿತ್ತು — ನನಗದು ಚೆನ್ನಾಗಿ ಗೊತ್ತಿತ್ತು.

ಕಳೆದ ಶನಿವಾರ ಅವರ ಮನೆಗೆ ಹೋಗಿದ್ದೆ. “ಮತ್ತೆ ಪರೀಕ್ಷೆ ಬರೀರಿ ಅತ್ತಿಗೆ” ಎಂದೆ.

“ಬೇಡಮ್ಮ. ನನ್ನ ಬಾಯಿ ಸುಮ್ನಿರಲ್ಲ. ನಂಗೆ ಇಂಥದ್ದೆಲ್ಲ ಆಗಲ್ಲ.” ಈ ಸಲ ಅವರು ನಗಲಿಲ್ಲ.

ಮರುದಿನ ಬೆಳಿಗ್ಗೆ ಅಣ್ಣ ತಿಂಡಿಗೆ ಕೂತಿದ್ದ, ಅತ್ತಿಗೆ ದೋಸೆ ಹುಯ್ಯುತ್ತಿದ್ದರು. ನಾನು ಒಲೆ ಆರಿಸಿದೆ.

“ಅತ್ತಿಗೆ, ಆವತ್ತು ಪರೀಕ್ಷೆ ನಿಲ್ಸಿದವಳಿಗೆ ಕೇಳಿಸಿದ್ದು ನನ್ನ ಮಾತು. ಬಾಗಿಲ ಹೊರಗೆ ಫೋನಲ್ಲಿದ್ದೆ. ನಂಗೆ ಆವತ್ತೇ ಗೊತ್ತಿತ್ತು.”

ಅಣ್ಣ ಏನೋ ಕೇಳಿದ. ನಾನು ಅತ್ತಿಗೆಯ ಮುಖದಿಂದ ಕಣ್ಣು ತೆಗೆಯದೆ, ಫೋನು ಬಂದಲ್ಲಿಂದ ಹಿಡಿದು ಅಣ್ಣನ ಜೊತೆ ನಾನು ನಕ್ಕದ್ದರವರೆಗೆ, ಒಂದೂ ಬಿಡದೆ ಹೇಳಿದೆ.