ಕಿತ್ತಳೆ ಬೀಜದ ಸಾಹೇಬರು

ಕಳೆದ ವಾರ ಗೋಣಿಕೊಪ್ಪಲಿನ ಸಂತೆಯಲ್ಲಿ ಒಬ್ಬ ಹೆಂಗಸು ಬುಟ್ಟಿ ತುಂಬ ಕೈಪುಳಿ ಇಟ್ಟುಕೊಂಡು ಕೂತಿದ್ದಳು. ಕಾಡಿನ ಕಹಿ ಕಿತ್ತಳೆ ಅದು. ಸುಲಿದು ತಿನ್ನುವುದಕ್ಕಲ್ಲ, ಚಟ್ನಿಯಂಥ ಪಜ್ಜಿಗೆ, ಉಪ್ಪಿನಕಾಯಿಗೆ ಆಗುತ್ತದೆ. ಒಂದನ್ನು ಎತ್ತಿಕೊಂಡು ಉಗುರಿನಲ್ಲಿ ಸಿಪ್ಪೆ ಗೀರಿ ಮೂಗಿಗೆ ಹಿಡಿದೆ. ಕಣ್ಣಲ್ಲಿ ನೀರು ತರಿಸುವ ಆ ಘಾಟು... ಸಂತೆಯ ಗದ್ದಲವೆಲ್ಲ ಅತ್ತ ಸರಿದು, ಬೀಜದ ಸಾಹೇಬರು ಎದುರಿಗೆ ಬಂದು ನಿಂತ ಹಾಗಾಯಿತು.

ಕೊಡಗು ಆಗ ಇನ್ನೂ ಬೇರೆಯೇ ರಾಜ್ಯವಾಗಿತ್ತು. ಹಾಸನದ ಕಡೆಯಿಂದ ಮದುವೆಯಾಗಿ ಬಂದ ನಾನು ಶ್ರೀಮಂಗಲದ ಹತ್ತಿರದ ಒಂದು ಎಸ್ಟೇಟಿನಲ್ಲಿದ್ದೆ. ನನ್ನ ಗಂಡ ಅಲ್ಲಿ ಲೆಕ್ಕ ಬರೆಯುವ ರೈಟರು. ಕಾಫಿ ಗಿಡಗಳ ನಡುನಡುವೆ ಕಿತ್ತಳೆ ಮರಗಳು. ನಮ್ಮ ಕ್ವಾರ್ಟರ್ಸಿನ ಪಕ್ಕದಲ್ಲೂ ಒಂದು ಹಳೆಯ ಮರವಿತ್ತು. ಹಣ್ಣಿನ ಕಾಲ ಬಂತೆಂದರೆ ಸರ್ಕಾರಿ ಕಿತ್ತಳೆ ತೋಟದ ಆಫೀಸರು ಅದನ್ನು ನೋಡಲು ಬರುತ್ತಿದ್ದರು. ಭಾಗಮಂಡಲದ ಕಡೆಯ ಗೌಡರು, ಮನೆಮಾತು ಅರೆಭಾಷೆ. ನಮ್ಮೊಡನೆ ಮಾತ್ರ ನಿಧಾನವಾದ ಪುಸ್ತಕದ ಕನ್ನಡ. ಹಣ್ಣನ್ನು ಕೂಲಿಲೈನಿನ ಹೆಂಗಸರಿಗೆ ಹಂಚಿಬಿಟ್ಟು, ಬೀಜಗಳನ್ನು ಮಾತ್ರ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಅದಕ್ಕೇ ಆ ಹೆಸರು. ಒಂದು ವರ್ಷ ನಾನೇ ಬೀಜ ಬಿಡಿಸಿ, ತೊಳೆದು ಕೊಟ್ಟೆ. ಒಂದೊಂದನ್ನೂ ತಿರುಗಿಸಿ ನೋಡಿ, "ಒಂದಕ್ಕೂ ಗಾಯ ಆಗಿಲ್ಲವಲ್ಲ ತಂಗಿ!" ಎಂದಿದ್ದರು.

ಮುಂದಿನ ಮಳೆಗಾಲದಲ್ಲಿ ಮಲೇರಿಯಾ ಜ್ವರ ನನ್ನ ಗಂಡನನ್ನು ತೆಗೆದುಕೊಂಡು ಹೋಯಿತು. ಮಗಳಿನ್ನೂ ಹಾಲು ಕುಡಿಯುವ ಕೂಸು. ಕ್ವಾರ್ಟರ್ಸು ಬಿಡಬೇಕಿತ್ತು. ಊರಿನಿಂದ ಅಣ್ಣ ಬಂದ, ಪಾತ್ರೆಪಗಡೆ ಗೋಣಿಚೀಲಕ್ಕೆ ತುಂಬಿಸಿದ. ಹೊರಡುವ ದಿನ ಸಾಹೇಬರು ಬಂದರು. ಜಗಲಿಯ ಮೇಲೆ ಕೂತು, ತಮ್ಮ ತೋಟದಲ್ಲಿ ಬೀಜ ಬಿಡಿಸುವ, ಸಸಿ ನೋಡಿಕೊಳ್ಳುವ ಕೆಲಸ ಇದೆಯೆಂದೂ ಇರಲು ಒಂದು ಕೋಣೆ ಕೊಡುತ್ತೇವೆಂದೂ ಅಣ್ಣನಿಗೆ ಹೇಳಿದರು.

ಅಣ್ಣನ ಮುಖ ಕೆಂಪಗಾಯಿತು. "ನಮ್ಮನೆ ಹೆಣ್ಣುಮಗಳು ಆಳುಗಳ ಜೊತೆ ಮಣ್ಣಲ್ಲಿ ಕೂತ್ಲು ಅಂದ್ರೆ ಊರಲ್ಲಿ ಏನಂತಾರೆ ಸ್ವಾಮಿ? ನಮ್ಮನೇಲಿ ಇವಳ ಅನ್ನಕ್ಕೇನು ಕೊರತೆ?"

"ಅನ್ನದ ಮಾತಲ್ಲ ಇದು. ಅವರನ್ನೇ ಒಂದು ಮಾತು ಕೇಳಿ," ಎಂದರು ಸಾಹೇಬರು.

ಗಂಡ ಹೋದ ಮೇಲೆ ನನ್ನ ವಿಷಯವಾಗಿ ಎಲ್ಲರೂ ಮಾತಾಡಿದ್ದರು, ಅತ್ತಿದ್ದರು. ನಿನಗೇನು ಬೇಕು ಎಂದು ಕೇಳಿದವರಿರಲಿಲ್ಲ. ಬಾಗಿಲ ಹಿಂದೆ ಕೂಸನ್ನು ಎತ್ತಿಕೊಂಡು ನಿಂತಿದ್ದವಳು ಹೊರಗೆ ಬಂದೆ. "ನಾನು ಇಲ್ಲೇ ಇರ್ತೀನಿ ಅಣ್ಣ," ಎಂದೆ. ಅಣ್ಣ ಆ ದಿನ ನನ್ನ ಜೊತೆ ಊಟ ಮಾಡಲಿಲ್ಲ. ಆದರೆ ಹೋಗುವಾಗ ಗೋಣಿಚೀಲವನ್ನು ತೋಟದ ಕೋಣೆಯವರೆಗೆ ಅವನೇ ಹೊತ್ತು ತಂದಿಟ್ಟ.

ಕೆಲಸ ಕಲಿಸುವಾಗ ಸಾಹೇಬರಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಬೀಜವನ್ನು ಬಿಸಿಲಿಗೆ ಹಾಕಿದ್ದೇನೆಂದು ಒಮ್ಮೆ ಬುಟ್ಟಿಯನ್ನೇ ಕಿತ್ತುಕೊಂಡಿದ್ದರು. ಭತ್ತದ ಹಾಗೆ ಒಣಗಿಸಿ ಕಣಜಕ್ಕೆ ಹಾಕುವ ಬೀಜ ಇದಲ್ಲ, ಒಣಗಿದರೆ ಸತ್ತಿತು; ಕಿತ್ತಳೆಯನ್ನು ಉಳಿಸಬೇಕಾದರೆ ನೆಡುತ್ತಲೇ ಇರಬೇಕು ಎನ್ನುತ್ತಿದ್ದರು. ಸಿಟ್ಟು ಇಳಿದ ಮೇಲೆ ತಾವೇ ಬಂದು, "ಕೂಸಿಗೆ ಗಂಜಿ ಆಯ್ತಾ?" ಎಂದು ವಿಚಾರಿಸುತ್ತಿದ್ದರು.

ಒಂದೇ ಬೀಜದಿಂದ ಎರಡು ಮೂರು ಮೊಳಕೆ ಏಳುವುದನ್ನು ಮೊದಲು ತೋರಿಸಿದವರು ಅವರೇ. ದಪ್ಪಗಿರುವವು ತಾಯಿಮರದ ಪಡಿಯಚ್ಚು. ಬಡಕಲಾಗಿ ಏಳುವುದು ಬಹುಪಾಲು ಬೇರೆ ಮರದ ಪರಾಗ ಬೆರೆತದ್ದು. ನರ್ಸರಿಯವರು ಅದನ್ನು ಕಿತ್ತೆಸೆಯುತ್ತಿದ್ದರು. ಸಾಹೇಬರು ಅದಕ್ಕೂ ಬೇರೆ ಮಡಿ ಮಾಡಿಸಿದರು. "ಇದರೊಳಗೆ ಏನಿದೆಯೋ ಯಾರಿಗೆ ಗೊತ್ತು? ನೋಡದೆ ಎಸೆದರೆ ಹೇಗೆ?"

ಅವರ ಮನಸ್ಸನ್ನು ಕೊರೆಯುತ್ತಿದ್ದುದು ಒಂದು ರೋಗ. ಎಸ್ಟೇಟುಗಳಲ್ಲಿ ಕಿತ್ತಳೆಯ ಎಲೆ ಹಳದಿಯಾಗಿ, ಕೊಂಬೆಗಳು ತುದಿಯಿಂದ ಒಣಗತೊಡಗಿದ್ದವು. ಕಾಡಿನ ಕೈಪುಳಿಯ ಬೇರು ತಡೆದುಕೊಂಡೀತೇ ಎಂದು ನೋಡಲು ಬೆಟ್ಟ ಹತ್ತಿ ಹಣ್ಣು ತರುತ್ತಿದ್ದರು, ಜಿಗಣೆ ಕಚ್ಚಿದ ಕಾಲಲ್ಲೇ ಬಂದು ನನ್ನ ಮುಂದೆ ಸುರಿಯುತ್ತಿದ್ದರು. ಕೈಪುಳಿಯ ಸಸಿಗೆ ಒಳ್ಳೆಯ ಕಿತ್ತಳೆಯ ಚಿಗುರುಗಣ್ಣು ಕೂರಿಸಿ ಕಸಿ ಕಟ್ಟುವುದನ್ನು ಕಲಿತೆ. ಮೊದಲು ಕಟ್ಟಿದವೆಲ್ಲ ಕಪ್ಪಾಗಿ ಉದುರಿದವು. ಸಾಹೇಬರು ಆಗ ಮಾತ್ರ ಬೈಯಲಿಲ್ಲ. "ನನ್ನವೂ ಹೀಗೇ ಉದುರಿದ್ದವು," ಎಂದು ಹೇಳಿ ಚಾಕು ಮಸೆದುಕೊಟ್ಟರು.

ಆಮೇಲೆ ಕೊಡಗು ಮೈಸೂರಿಗೆ ಸೇರುತ್ತದೆ ಎಂಬ ಮಾತು ಗಟ್ಟಿಯಾಯಿತು. ತೋಟದ ಗತಿ ಏನೆಂದು ಯಾರೂ ಹೇಳುವಂತಿರಲಿಲ್ಲ. ಅಷ್ಟರಲ್ಲಿ ಹಳದಿ ರೋಗ ನಮ್ಮ ಬೇಲಿಯೊಳಗೂ ಕಾಣಿಸಿತು. ರೋಗ ಬಿದ್ದ ಮರಗಳನ್ನು ಸಾಹೇಬರು ನಿಂತು ಕಡಿಸಿ ಸುಡಿಸಿದರು. ಆ ಹೊಗೆಯಲ್ಲೂ ಕಿತ್ತಳೆಯದೇ ಪರಿಮಳ... ಅವರು ಬೆನ್ನು ತಿರುಗಿಸಿ ನಿಂತಿದ್ದರು.

ಮಾರನೆಯ ದಿನ ಬೆಳಿಗ್ಗೆ ನನ್ನನ್ನು ಕರೆದು, ರೋಗ ತಗಲದ ಸಸಿಗಳನ್ನೆಲ್ಲ ಬುಟ್ಟಿಗಳಿಗೆ ಇಳಿಸು ಎಂದರು. "ಎಲ್ಲ ಒಂದೇ ಕಡೆ ಇದ್ದರೆ ಒಂದೇ ಸಲಕ್ಕೆ ಹೋಗ್ತವೆ. ಮನೆಮನೆಗೆ ಕೊಡೋಣ. ಒಂದು ಕಡೆ ಸತ್ತರೆ ಇನ್ನೊಂದು ಕಡೆ ಉಳೀತದೆ." ಮಳೆ ಹಿಡಿಯುತ್ತಿದ್ದಂತೆ ಹೊರಟೆವು. ಮಗಳು ನನ್ನ ಬೆನ್ನಿಗೆ, ಬುಟ್ಟಿಗಳು ಬಸ್ಸಿನ ಮೇಲೆ. ಹುದಿಕೇರಿಯ ಒಂದು ಕೊಡವರ ಮನೆಯಲ್ಲಿ ಹಿರಿಯ ಹೆಂಗಸೊಬ್ಬರು ನಕ್ಕುಬಿಟ್ಟರು. "ಕೊಡಗಿನಲ್ಲಿ ಯಾರಾದರೂ ಕಿತ್ತಳೆ ಗಿಡ ದಾನ ಮಾಡ್ತಾರಾ ಸಾಹೇಬರೇ?"

"ಇದು ಹಣ್ಣಿಗಲ್ಲ ಅವ್ವಾ, ಬೀಜಕ್ಕೆ," ಎಂದರು ಇವರು. "ಮುಂದೆ ಯಾರಾದರೂ ಕೇಳಿಕೊಂಡು ಬಂದರೆ ಇಲ್ಲ ಅನ್ನಬೇಡಿ." ಆಕೆ ನಗು ನಿಲ್ಲಿಸಿ, ಗುಂಡಿ ತೋಡಿಸಿ, ಮಂಕರಿಯಲ್ಲಿ ಗೊಬ್ಬರ ತರಿಸಿ ಹಾಕಿಸಿ ನಮ್ಮೆದುರಿಗೇ ನೆಡಿಸಿದರು. ಎಲ್ಲ ಮನೆಗಳೂ ಹಾಗಿರಲಿಲ್ಲ. ಕೆಲವರು ಗೇಟಿನಿಂದಲೇ ಕಳಿಸಿದರು. ಸಾಹೇಬರು ಸಸಿಗಳಿಗೆ ನೀರು ಚಿಮುಕಿಸಿ ಮುಂದಿನ ಮನೆಗೆ ನಡೆದರು.

ರಾಜ್ಯಗಳು ಸೇರಿದ ಮೇಲೆ ಅವರಿಗೆ ಮೈಸೂರಿಗೆ ವರ್ಗವಾಯಿತು. ಹೊರಡುವ ಮುಂಚೆ ಹೊಸ ಆಫೀಸರನ್ನು ನನ್ನ ಮಡಿಗಳ ಹತ್ತಿರ ಕರೆದುಕೊಂಡು ಬಂದು, "ಕಸಿ ಇವರದು. ಇವರನ್ನು ಕೇಳದೆ ಏನೂ ಕೀಳಿಸಬೇಡಿ," ಎಂದರು. ಮಗಳ ತಲೆ ಸವರಿ ಬಸ್ಸು ಹತ್ತಿದರು. ತೋಟ ಮುಚ್ಚಲಿಲ್ಲ. ತಲೆ ನರೆಯುವವರೆಗೂ ನಾನು ಅಲ್ಲೇ ದುಡಿದೆ, ಮಗಳನ್ನು ನರ್ಸಿಂಗ್ ಓದಿಸಿದೆ. ಅಣ್ಣ ಬಂದಾಗಲೆಲ್ಲ ತೋಟ ಸುತ್ತಿ, ಊರಿಗೆಂದು ಸಸಿ ಕೇಳಿ ಒಯ್ಯುತ್ತಿದ್ದ.

ಸಾಹೇಬರು ತೀರಿಕೊಂಡರು ಎಂಬುದು ಮೈಸೂರಿನಿಂದ ಬಂದ ಯಾರೋ ಮಾತಿನ ನಡುವೆ ಹೇಳಿ ಗೊತ್ತಾಯಿತು, ಅದೂ ಎರಡು ಮಳೆಗಾಲ ಕಳೆದ ಮೇಲೆ. ಚಾಕು ಒರೆಸಿಟ್ಟು, ಎದ್ದು ಹೋಗಿ ಬಡಕಲು ಸಸಿಗಳ ಮಡಿಗೆ ನೀರು ಚಿಮುಕಿಸಿದೆ.

ನಾವು ಕೊಟ್ಟ ಗಿಡಗಳಲ್ಲಿ ಹೆಚ್ಚಿನವು ಈಗ ಇಲ್ಲ. ರೋಗಕ್ಕೆ ಹೋದವು, ಮನೆ ಕಟ್ಟುವಾಗ ಹೋದವು. ಅಲ್ಲೊಂದು ಇಲ್ಲೊಂದು ಇನ್ನೂ ಕಾಯಿ ಬಿಡುತ್ತಿವೆ. ಕೃಷಿ ಓದುವ ಹುಡುಗಿಯರು ಆಗಾಗ ಕೇಳಿಕೊಂಡು ಬರುತ್ತಾರೆ. ಯಾವ ತಾಯಿಮರದ ಗಿಡ ಯಾವ ಊರಿನ ಯಾರ ಮನೆಗೆ ಹೋಯಿತು ಎಂದು ಕೂತಲ್ಲಿಂದಲೇ ಹೇಳುತ್ತೇನೆ. ಅವರು ಆಶ್ಚರ್ಯಪಡುತ್ತಾರೆ. ಇಷ್ಟೊಂದು ಮನೆಗಳನ್ನು ನೆನಪಿಟ್ಟುಕೊಂಡವಳು, ಭಾಗಮಂಡಲದ ಕಡೆ ಸಾಹೇಬರ ಮನೆ ಯಾವುದು ಎಂದು ನಾನು ಒಂದು ದಿನವೂ ಕೇಳಲಿಲ್ಲ.