ಹುಲಿಗೆಪ್ಪ ಅಪ್ಪನ ಕಡೆ ನೋಡಿದ್ದು

ಇಲ್ಲ, ನಾನು ಅದನ್ನು ಕಂಡಿರಲಿಕ್ಕಿಲ್ಲ. ಕಣ್ಣ ಮುಂದೆ ಬರುವುದೇನೋ ನಿಚ್ಚಳವಾಗಿಯೇ ಬರುತ್ತದೆ: ಕೆಮ್ಮಣ್ಣು ಮೆತ್ತಿದ ಎರಡು ಮೈ, ಕೆಳಗಿನದು ಹುಲಿಗೆಪ್ಪನದು, ಗದ್ದ ನೆಲಕ್ಕೆ ತಾಗುವಷ್ಟು ಬಾಗಿದ್ದಾನೆ, ಹಾಗೆ ಬಾಗಿದ್ದವನು ಕತ್ತು ಹೊರಳಿಸಿ ನಮ್ಮಪ್ಪನ ಕಡೆ ನೋಡುತ್ತಾನೆ. ಕಣ್ಣಿನ ಬಿಳಿಯೂ ಕಾಣುತ್ತದೆ ನನಗೆ. ಆದರೆ ಹೆಂಗಸರು ಕುಸ್ತಿಯ ಕಣದ ಹತ್ತಿರ ಸುಳಿಯುವ ಕಾಲವಲ್ಲ ಅದು. ನಾನಿದ್ದದ್ದು ಮಸ್ಕಿಯಲ್ಲಿ, ಸೋದರತ್ತೆಯ ಮನೆಯ ಮಾಳಿಗೆಯ ಮೇಲೆ. ಅಲ್ಲಿಂದ ಕಂಡದ್ದು ರುಮಾಲುಗಳು, ಬೆನ್ನುಗಳು, ಮೇಲೇಳುವ ಧೂಳು. ಅಷ್ಟು ದೂರದಿಂದ ಕಣ್ಣಿನ ಬಿಳಿ ಕಂಡಿತೆಂದರೆ ನೀವೂ ನಂಬಬೇಡಿ.

ಈ ಅನುಮಾನವನ್ನು ಇವತ್ತು ಎಬ್ಬಿಸಿದವಳು ಮೊಮ್ಮಗಳು. ಲಿಂಗಸುಗೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅವಳು ಗೆಳತಿಯನ್ನು ಎದುರಿಗೆ ಕೂರಿಸಿಕೊಂಡು ಕಾರ್ಡು ಆಡುತ್ತಾಳೆ. ಟಿವಿಯಲ್ಲಿ ಬರುವ ಪರದೇಶದ ಪೈಲ್ವಾನರ ಕಾರ್ಡು. ಒಬ್ಬೊಬ್ಬರ ಚಿತ್ರದ ಕೆಳಗೆ ಎತ್ತರ, ತೂಕ, ಎದೆಯ ಸುತ್ತಳತೆ, ಗೆದ್ದ ಕುಸ್ತಿ, ಕೊನೆಗೊಂದು ರ‍್ಯಾಂಕು. ಒಬ್ಬಳು "ಎದಿ" ಎಂದು ಕೂಗಿದರೆ ಸಾಕು, ಯಾರ ಕಾರ್ಡಿನಲ್ಲಿ ದೊಡ್ಡ ಅಂಕಿ ಇದೆಯೋ ಅವಳು ಗೆದ್ದಳು. ಯಾರೂ ಬೀಳುವುದಿಲ್ಲ, ಯಾರ ಮೈಗೂ ಮಣ್ಣು ಹತ್ತುವುದಿಲ್ಲ. ನಲವತ್ತು ವರ್ಷದ ಹಿಂದಿನವನೂ ನಿನ್ನೆ ಮೊನ್ನೆಯವನೂ ಒಂದೇ ರಟ್ಟಿನ ಮೇಲೆ ನಿಂತು ತೀರ್ಮಾನವಾಗಿಬಿಡುತ್ತಾರೆ.

"ಅಜ್ಜಿ, ನಿಮ್ಮ ಕಾಲದಾಗ ಪೈಲ್ವಾನ್ರು ಇದ್ರೇನು?"

"ಇದ್ರವ್ವ. ಹುಲಿಗೆಪ್ಪ ಅಂತಿದ್ದ, ನಮ್ಮ ಸಿಂಧನೂರಿನವ."

"ಅವನ ರ‍್ಯಾಂಕ್ ಎಷ್ಟು?"

ನಕ್ಕೆ. ಆಮೇಲೆ ನಗು ಹೋಯಿತು. ಏಕೆಂದರೆ ಆ ಮನುಷ್ಯ ತನ್ನ ಕೊನೆಯ ವರ್ಷವನ್ನೆಲ್ಲ ಹೆಚ್ಚುಕಡಿಮೆ ಇದೇ ಪ್ರಶ್ನೆ ಕೇಳುತ್ತ ಕಳೆದ. ಕೇಳಿದ್ದು ನಮ್ಮಪ್ಪನನ್ನು. ಅಪ್ಪ ಹೇಳಲಿಲ್ಲ.

ಅಪ್ಪನದು ಸಿಂಧನೂರಿನಲ್ಲಿ ಎಣ್ಣೆಯ ಅಂಗಡಿ. ನಿಜಾಮರ ಕಾಲ ಅದು. ಕಾಲುವೆ ಇನ್ನೂ ಬಂದಿರಲಿಲ್ಲ. ಈಗ ಗೊರೇಬಾಳದ ಕಡೆ ಎಲ್ಲಿ ನೋಡಿದರೂ ನೆಲ್ಲು. ಆಗ ಕಣ್ಣು ಹಾಯುವ ತನಕ ಎರೆಮಣ್ಣು, ಜೋಳ. ಗರಡಿಮನೆಯ ಮಣ್ಣಿಗೆ ಕಲಸಲು, ಮೈ ತಿಕ್ಕಲು ನಮ್ಮ ಅಂಗಡಿಯಿಂದಲೇ ಎಣ್ಣೆ ಹೋಗುತ್ತಿತ್ತು. ಹಾಗೆ ಪೈಲ್ವಾನರ ಬಳಕೆಯಾಗಿ, ಬಳಕೆಯಿಂದ ಕಣ್ಣು ಪಳಗಿ, ಅಪ್ಪ ಸುತ್ತಿನ ಊರುಗಳಲ್ಲಿ ಜೋಡಿ ಹಚ್ಚುವವನಾದ. ಯಾರಿಗೆ ಯಾರು ಸಮ ಎಂದು ನೋಡಿ, ಇಬ್ಬರ ಕೈ ಹಿಡಿದು ಕಣದಲ್ಲಿ ಒಂದು ಸುತ್ತು ನಡೆಸಿ, ಕೂಡಿಸಿ ಬಿಡುವುದು ಜೋಡಿ ಹಚ್ಚುವವನ ಕೆಲಸ. ಕುಸ್ತಿ ಹರಿಯದೆ ಉಳಿದರೆ ಇಬ್ಬರ ಬೆನ್ನು ತಟ್ಟಿ ಸಮ ಎಂದು ಬಿಡಿಸುವವನೂ ಅವನೇ. ಅವನು ಬಿಡಿಸಿದ ಮೇಲೆ ತಕರಾರಿಲ್ಲ.

ಅಪ್ಪ ಎದೆ ತೊಡೆ ನೋಡುತ್ತಿರಲಿಲ್ಲ. ಪೈಲ್ವಾನನನ್ನು ಮನೆಗೆ ಊಟಕ್ಕೆ ಕರೆಯುತ್ತಿದ್ದ. ಊಟ ಮುಗಿಸಿ ಏಳುವಾಗ ಅವನು ನೆಲಕ್ಕೆ ಕೈ ಊರುತ್ತಾನೋ ಇಲ್ಲವೋ, ಅದು ಅಪ್ಪನ ತಕ್ಕಡಿ. "ಕಾಲಿನ ಮ್ಯಾಲ ಎದ್ದಾವ ಇನ್ನಾ ಪೈಲ್ವಾನ. ಕೈ ಮ್ಯಾಲ ಎದ್ದಾವ ಸಂಸಾರಸ್ಥ" ಎನ್ನುತ್ತಿದ್ದ. ಕುಸ್ತಿ ನೋಡಲು ಬಿಡದಿದ್ದರೂ ಊಟ ನೋಡಲು ನನಗೆ ಯಾರ ಅಡ್ಡಿಯೂ ಇರಲಿಲ್ಲ. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ನಾನು ಎಷ್ಟೋ ಜನ ಪೈಲ್ವಾನರನ್ನು ಪಾಸು ಫೇಲು ಮಾಡಿದ್ದೇನೆ. ಅವ್ವನ ತಕ್ಕಡಿ ಬೇರೆ. ರೊಟ್ಟಿ ತಿಂದು ಸುಮ್ಮನೆ ಎದ್ದು ಹೋದವನು ಅವಳ ಪಾಲಿಗೆ ಎಂಥ ಪೈಲ್ವಾನನೂ ಅಲ್ಲ.

ಸಂಜೆ ಅಂಗಡಿಯ ಕಟ್ಟೆಯ ಮೇಲೆ ಇನ್ನೊಂದು ಬಗೆಯ ಕುಸ್ತಿ ನಡೆಯುತ್ತಿತ್ತು. ಹಿಂದಿನವರು ಹೆಚ್ಚೋ ಈಗಿನವರು ಹೆಚ್ಚೋ. ರಾಚಯ್ಯ ಎಂಬ ಮುದುಕರಿಗೆ ತಮ್ಮ ಹರೆಯದ ಪೈಲ್ವಾನರ ಮುಂದೆ ಉಳಿದವರೆಲ್ಲ ಹುಡುಗರು. "ಆಗಿನೋರು ಕೈ ಹಿಡಿದ್ರಂದ್ರ ಬಿಡಿಸ್ಕೋಬೇಕಾದ್ರ ಹಬ್ಬ ಬಂದು ಹೋಗ್ತಿತ್ತು" ಎನ್ನುತ್ತಿದ್ದರು. ಅಪ್ಪ ಎಣ್ಣೆ ಅಳೆಯುತ್ತಲೇ, "ಹೋದೋರು ಯಾವಾಗ್ಲೂ ಗೆಲ್ತಾರ ಬಿಡ್ರಿ ರಾಚಯ್ನೋರ, ಅವ್ರನ್ನ ಕೆಡವಾಕ ಯಾರು ಹೋಗ್ಬೇಕು?" ಎಂದು ಬಾಯಿ ಮುಚ್ಚಿಸುತ್ತಿದ್ದ.

ಹುಲಿಗೆಪ್ಪ ಮಾತ್ರ ಹೋದವನೂ ಅಲ್ಲ, ಈಗಿನವನೂ ಅಲ್ಲ, ನಡುವೆ ನಿಂತವನು. ಭಾರದ ಆಳು, ತಾಳ್ಮೆಯ ಆಳು. ಅವನ ಕುಸ್ತಿ ಬೇಸಿಗೆಯ ಮಧ್ಯಾಹ್ನದ ಹಾಗೆ, ಮುಗಿಯುತ್ತಲೇ ಇರಲಿಲ್ಲವಂತೆ. ಕೆಳಗೆ ಬಿದ್ದುಕೊಂಡು, ಎದುರಾಳಿ ತನ್ನ ಮೇಲೆ ದಣಿಯಲಿ ಎಂದು ಕಾಯುವುದು, ಆಮೇಲೆ ಒಂದೇ ಹೊರಳು. "ಅಂತೆ" ಎನ್ನುತ್ತಿದ್ದೇನೆ, ನೆನಪಿಡಿ. ಇದೆಲ್ಲ ಗೋಡೆಯಾಚೆಯಿಂದ ಕೇಳಿದ್ದು. ಆ ಹೊತ್ತಿಗೆ ಲಿಂಗಸುಗೂರಿನಲ್ಲಿ ಖಾದರ ಎಂಬ ಹುಡುಗ ಹೆಸರು ಮಾಡುತ್ತಿದ್ದ. ಹೈದರಾಬಾದಿನ ತಾಲೀಮಿನಲ್ಲಿ ಕಲಿತು ಬಂದವನು. ಅವನ ಕುಸ್ತಿ ನೋಡಲು ಹೋದವರು ಬೀಡಿ ಹಚ್ಚುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಕಟ್ಟೆಯ ಮೇಲಿನ ವಾದಕ್ಕೆ ಈಗ ಜೀವ ಬಂತು. ಹಿಂದಿನ ಕಾಲ, ಈಗಿನ ಕಾಲ, ಎರಡೂ ಇನ್ನೂ ನಡೆದಾಡುತ್ತಿವೆ, ಹಚ್ಚಿಯೇ ನೋಡಬಹುದಲ್ಲ!

ಅಪ್ಪನಿಗೆ ಮನಸ್ಸಿರಲಿಲ್ಲ. ಹುಲಿಗೆಪ್ಪನೇ ಬಂದು ಕೂತ.

"ಸಾವ್ಕಾರ್ರ, ನನಗ ಖಾದರನ್ನ ಹಚ್ರಿ."

"ಯಾಕಪಾ ಈಗ? ಹೆಸರು ಐತಿ, ಮರ್ಯಾದಿ ಐತಿ."

"ಹೆಸರು ಇದ್ದಾಗನ ಹಚ್ರಿ. ಹೋದ ಮ್ಯಾಲ ಯಾರ್ ಹಚ್ತಾರ? ನಾಳಿ ಈ ಕಟ್ಟಿ ಮ್ಯಾಲ ನನ್ನ ತೂಕ ಮಾಡೋರು ರಾಚಯ್ನೋರಂಥೋರು. ನನ್ನ ತೂಕ ನಾನ ನೋಡಿ ಹೋಗ್ತೀನ್ರಿ."

ಅಂದು ಅವನು ನಮ್ಮಲ್ಲೇ ಉಂಡ. ಅವ್ವ ಬಡಿಸುತ್ತಲೇ ಇದ್ದಳು, ಅವನು ಸಾಕು ಎನ್ನಲಿಲ್ಲ, ಮಾತೂ ನಿಲ್ಲಿಸಲಿಲ್ಲ. ಕೊನೆಗೆ ಎದ್ದ. ಏಳುವಾಗ ಎಡಗೈ ನೆಲಕ್ಕೆ ಊರಿದ. ಇದನ್ನು ಮಾತ್ರ ನಾನು ಕಂಡಿದ್ದೇನೆ, ಇದರಲ್ಲಿ ಅನುಮಾನವಿಲ್ಲ. ನೀರಿನ ತಂಬಿಗೆ ಹಿಡಿದಿದ್ದ ಒದ್ದೆ ಕೈ. ಸಾರಿಸಿದ ನೆಲದ ಮೇಲೆ ಅಂಗೈ ಇಡಿಯಾಗಿ ಮೂಡಿತ್ತು. ಆಮೇಲೆ ನಾನೇ ಅದನ್ನು ಒರೆಸಿದೆ. ತಲೆ ಎತ್ತಿದರೆ ಅಪ್ಪನೂ ಅದೇ ಜಾಗ ನೋಡುತ್ತಿದ್ದ.

ಆದರೂ ಜೋಡಿ ಹಚ್ಚಿದ. ಹಚ್ಚುವುದಿಲ್ಲ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಅದನ್ನು ಹೇಳುವುದಕ್ಕಿಂತ ಕುಸ್ತಿ ಆಡಿಸುವುದು ಹಗುರ ಎಂದುಕೊಂಡನೇನೋ.

ಸುಗ್ಗಿ ಮುಗಿದ ಮೇಲೆ ಮಸ್ಕಿಯಲ್ಲಿ ಕುಸ್ತಿ. ಸಿಂಧನೂರಿಗೂ ಬೇಡ, ಲಿಂಗಸುಗೂರಿಗೂ ಬೇಡ, ಎರಡಕ್ಕೂ ನಡುವಿನ ಊರು. ನಾನು ಚೊಚ್ಚಲ ಬಸುರಿ, ತವರಿಗೆ ಬಂದಿದ್ದವಳು ಅಪ್ಪನ ಬಂಡಿಯಲ್ಲೇ ಹೋಗಿ ಸೋದರತ್ತೆಯ ಮನೆಯಲ್ಲಿ ಇಳಿದಿದ್ದೆ. ಕಣದಲ್ಲಿ ಹಲಗೆ ಬಡಿಯುವ ಸದ್ದು ಏರುತ್ತಿದ್ದಂತೆ ಮಾಳಿಗೆ ಹತ್ತಿದೆ. ಕೆಳಗಿನಿಂದ ಅತ್ತೆ, "ಇಳೀಬೇ ಕೆಳಗ, ಹೊಟ್ಯಾಗಿಂದೂ ಪೈಲ್ವಾನ ಆಗಿ ಹುಟ್ಟೀತು!" ಎಂದು ಕೂಗುತ್ತಿದ್ದಳು. ಹೀಗೆ ನಾನು ಹೇಳುತ್ತೇನೆ. ಅತ್ತೆ ಮಾತ್ರ ಸಾಯುವ ತನಕ ಬೇರೆಯದನ್ನೇ ಹೇಳಿದಳು: "ನೀ ಎಲ್ಲಿ ಮಾಳಿಗಿ ಹತ್ತಿದ್ದೆವ್ವ? ಅವತ್ತು ವಾಂತಿ ಮಾಡ್ಕೊಂಡು ಒಳಗ ಮಲ್ಕೊಂಡಿದ್ದಿ." ಇಬ್ಬರಲ್ಲಿ ಯಾರ ನೆನಪು ಚಿತ್ತಾಗಿದೆಯೋ, ಬಿಡಿಸಲು ಈಗ ಮೂರನೆಯವರಿಲ್ಲ.

ಎಲ್ಲರೂ ಒಪ್ಪುವ ಸಂಗತಿ ಇಷ್ಟು. ಖಾದರ ಬೇಗ ಕೆಡವಲಿಲ್ಲ. ಹುಲಿಗೆಪ್ಪ ಕೆಳಗೆ ಬಿದ್ದುಕೊಂಡ, ಖಾದರ ಮೇಲೆ ಕೂತ, ಹೊತ್ತು ಇಳಿಯಿತು. ಒಮ್ಮೆಗೆ ಹಲಗೆ ನಿಂತು ಊರೇ ಗಪ್ಪಾಯಿತು. ಅಪ್ಪ ನಡುವೆ ಹೋಗಿ ಇಬ್ಬರ ಬೆನ್ನು ತಟ್ಟಿ ಸಮ ಎಂದು ಬಿಡಿಸಿಬಿಟ್ಟ. ಇಬ್ಬರಿಗೂ ಬೆಳ್ಳಿಯ ಕಡಗ. ಲಿಂಗಸುಗೂರಿನವರು ಖಾದರನನ್ನೇ ಹೆಗಲ ಮೇಲೆ ಹೊತ್ತರು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಮುದುಕ ಚಿತ್ತಾಗುತ್ತಿದ್ದ, ಸಾವ್ಕಾರ್ರು ಕರುಣೆ ತೋರಿಸಿದರು ಎಂಬ ಮಾತು ಬಂಡಿಗಳಿಗಿಂತ ಮೊದಲೇ ಸಿಂಧನೂರು ಮುಟ್ಟಿತ್ತು.

ಅಲ್ಲಿಂದ ಹುಲಿಗೆಪ್ಪ ಅಂಗಡಿಗೆ ಬರತೊಡಗಿದ. ಎಣ್ಣೆ ಬೇಡ, ಮಾತೂ ಬೇಡ, ಒಂದೇ ಪ್ರಶ್ನೆ.

"ಸಾವ್ಕಾರ್ರ, ಯಾಕ ಬಿಡಿಸಿದ್ರಿ?"

"ಹೊತ್ತು ಮುಳುಗಾಕತ್ತಿತ್ತಪಾ."

"ಹೊತ್ತಿನ ಸುದ್ದಿ ಯಾರ್ ಕೇಳಿದ್ರೀ? ನಾ ನಿಮ್ಮ ಕಡೆ ನೋಡಿದ್ನಲ್ಲ, ಅದು ನಿಮಗ ಹೆಂಗ ಕಾಣ್ತು?"

ಅಪ್ಪ ಗಿರಾಕಿಯ ಕಡೆ ತಿರುಗುತ್ತಿದ್ದ. ಕೆಲವು ತಿಂಗಳ ಮೇಲೆ ಹುಲಿಗೆಪ್ಪ ಬರುವುದನ್ನು ಬಿಟ್ಟ. ಒಂದು ದಿನ ಮಾತ್ರ ಹಿತ್ತಲ ಬಾಗಿಲಿಗೆ ಬಂದು ನಿಂತ. ನಾನು ಕೂಸಿಗೆ ಎರೆಯಲು ನೀರು ಕಾಯಿಸುತ್ತಿದ್ದೆ.

"ಯವ್ವಾ, ಮನ್ಯಾಗ ನಿಮ್ಮಪ್ಪ ಏನರ ಅಂದಾರೇನು? ಹುಲಿಗೆಪ್ಪ ಬೇಡ್ಕೊಂಡ, ಹಂಗ ಏನರ?"

"ಇಲ್ಲ ಕಾಕಾ. ಆ ಮಾತ ಎತ್ತಂಗಿಲ್ಲ."

"ಎತ್ತಂಗಿಲ್ಲ ಅಂದ್ರ ಹಂಗ ತಿಳಕೊಂಡಾರಂತ ಆತು." ಬಾಗಿಲ ಚೌಕಟ್ಟು ಹಿಡಿದ. "ನಾ ಬೇಡ್ಲಿಲ್ಲವ್ವ. ಆ ಹುಡುಗನ ಉಸಿರು ನನ್ನ ಬೆನ್ನ ಮ್ಯಾಲ ಬೀಳಾಕತ್ತಿತ್ತು, ಸೋತಿದ್ದ. ಈಗ ನೋಡ್ರಿ ಸಾವ್ಕಾರ್ರ ಅಂತ ನೋಡಿದೆ. ಇಷ್ಟು ವರ್ಷ ನನ್ನ ನೋಡಿದ ಕಣ್ಣದು, ಒಂದ ಸಲ ನೆಟ್ಟಗ ನೋಡ್ಲಿ ಅಂತ."

ಈ ಮಾತನ್ನು ಅಪ್ಪನಿಗೆ ಹೇಳಿದೆ. ಅಪ್ಪ ಉಣ್ಣುತ್ತಿದ್ದ, ಉಣ್ಣುವುದನ್ನು ನಿಲ್ಲಿಸಿದ. "ಬರ್ತಾನ, ಹೇಳ್ತೀನಿ" ಎಂದ. ಹುಲಿಗೆಪ್ಪ ಬರಲಿಲ್ಲ. ಅಪ್ಪನೂ ಹೋಗಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಊರಿಗೆ ಜ್ವರ ಬಂತು, ಹುಲಿಗೆಪ್ಪ ಅದರಲ್ಲಿ ಹೋದ. ಒಂದೇ ಊರು, ನಡುವೆ ಎರಡು ಓಣಿ. ಅಷ್ಟನ್ನು ದಾಟದೆ ಇಬ್ಬರೂ ಯಾಕೆ ಕೂತರೋ ಎಂದು ಈಗಲೂ ಸಂಕಟವಾಗುತ್ತದೆ.

ಸುದ್ದಿ ಕೇಳಿ ಖಾದರ ಲಿಂಗಸುಗೂರಿನಿಂದ ಬಂದ. ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಮುಟ್ಟದೆ ಹೇಳಿದ:

"ಕಾಕಾ, ಅವತ್ತು ನೀವು ಬಿಡಿಸಿದ್ದು ನನಗ ಉಪಕಾರಾತು. ನನ್ನ ಉಸಿರು ಮುಗಿದಿತ್ತು. ಅವ್ರು ಹೊರಳಿದ್ರ ನಾನ ಚಿತ್."

"ಇದನ್ನ ಅವನ ಮುಂದ ಯಾಕ ಹೇಳ್ಲಿಲ್ಲೋ ಹುಚ್ಚಪ್ಪಾ?"

"ಹೆಂಗ ಹೇಳ್ಲಿ ಕಾಕಾ? ಊರಾಗ ಎಲ್ರೂ ನಾನ ಗೆದ್ದೆ ಅಂತ ಕುಣ್ಯಾಕತ್ತಿದ್ರು. ಹೆಗಲ ಮ್ಯಾಲ ಕುಂತಾವ್ಗ ಇಳಿಯೋ ಮಾತು ಬರಂಗಿಲ್ರೀ."

ಅವನು ಹೋದ ಮೇಲೆ ಅಪ್ಪ ಒಳಗೆ ಬಂದು, "ಸತ್ತೋರ ಮುಂದ ಸೋಲೂದು ಸಸಾರ" ಎಂದ. ಖಾದರನ ಮಾತನ್ನು ನಂಬಲಿಲ್ಲವೋ, ನಂಬಿದ್ದಕ್ಕೇ ಹಾಗೆಂದನೋ. ಜೋಡಿ ಹಚ್ಚುವುದನ್ನು ಆಮೇಲೆ ಬಿಟ್ಟುಬಿಟ್ಟ.

ಎಷ್ಟೋ ವರ್ಷಗಳ ಮೇಲೆ, ಅಪ್ಪ ಹಾಸಿಗೆ ಹಿಡಿದಿದ್ದ ಒಂದು ಮಧ್ಯಾಹ್ನ, ನಾನೇ ಕೇಳಿದೆ.

"ಅಪ್ಪಾ, ಅವತ್ತು ಯಾರು ಬೀಳ್ತಿದ್ರು?"

"ನನಗೇನ್ ಗೊತ್ತು? ನಾ ಕುಸ್ತಿ ನೋಡಾಕತ್ತಿದ್ದಿಲ್ಲ. ಅವನ ಮಾರಿ ನೋಡಾಕತ್ತಿದ್ದೆ."

"ಮತ್ತ?"

"ಅವ ನನ್ನ ಕಡೆ ನೋಡಿದ. ಬಿಡಸ್ರಿ ಅಂತಾನ ಅನ್ಕೊಂಡೆ. ಉಂಡು ಏಳಾಗ ಕೈ ಊರಿದ್ದು ನೋಡಿದ್ನಲ್ಲ, ಅದನ್ನ ನೋಡಿದ ಕಣ್ಣಿಗೆ ಬ್ಯಾರೆ ಏನ್ ಕಾಣಬೇಕವ್ವ?"

"ಅವ್ನಿಗೆ ಹೇಳಬೇಕಿತ್ತು."

"ಹೇಳಿದ್ರ, ನೀ ಬೇಡ್ದಿ ಅಂದಂಗ ಆಗ್ತಿತ್ತು. ಸುಮ್ಮನಿದ್ದೆ. ಅದೂ ಹಂಗ ಅಂದಂಗ ಆತು."

ನನ್ನ ಕಣ್ಣ ಮುಂದಿನ ಆ ಚಿತ್ರ, ಹೊರಳಿದ ಕತ್ತು, ಕಣ್ಣಿನ ಬಿಳಿ, ಬಹುಶಃ ಆ ಮಧ್ಯಾಹ್ನ ಅಪ್ಪನ ಹಾಸಿಗೆಯ ಪಕ್ಕ ಹುಟ್ಟಿದ್ದು. ಅಥವಾ ಹಿತ್ತಲ ಬಾಗಿಲಲ್ಲಿ. ಒಬ್ಬನದು ಕೊಟ್ಟ ನೋಟ, ಇನ್ನೊಬ್ಬನದು ತೆಗೆದುಕೊಂಡ ನೋಟ. ಎರಡನ್ನೂ ಹೊಲಿದು ನಾನು ಮಾಳಿಗೆಯ ಮೇಲೆ ಹರವಿಕೊಂಡಿದ್ದೇನೆ.

ಇತ್ತ ಮೊಮ್ಮಗಳು ಲಗ್ನಪತ್ರಿಕೆಯೊಂದರ ಬೆನ್ನು ಕತ್ತರಿಸಿ ಹುಲಿಗೆಪ್ಪನ ಕಾರ್ಡು ಮಾಡಿದ್ದಾಳೆ. ಮೀಸೆ ಮುಖಕ್ಕಿಂತ ದೊಡ್ಡದಾಗಿದೆ. ಕೆಳಗೆ ಎತ್ತರ, ತೂಕ, ಎದೆ, ರ‍್ಯಾಂಕು ಎಂದು ಬರೆದು ಪೆನ್ನು ಹಿಡಿದು ಕೂತಿದ್ದಾಳೆ.

"ಹೇಳಜ್ಜಿ."

"ನನಗ ಗೊತ್ತಿಲ್ಲವ್ವ."

"ನಂಬರ್ ಇಲ್ಲಂದ್ರ ಇವನ್ನ ಆಡಾಕ ಬರಂಗಿಲ್ಲ." ಕಾರ್ಡನ್ನು ನನ್ನ ಕೈಗೆ ಕೊಟ್ಟು ತನ್ನ ಆಟಕ್ಕೆ ತಿರುಗಿದಳು.

ಅದನ್ನು ಗೋಡೆಯ ಗೂಡಿನಲ್ಲಿಡೋಣವೆಂದು ಏಳಲು ಹೋದೆ. ಎಡಗೈ ತಾನಾಗಿಯೇ ನೆಲಕ್ಕೆ ಹೋಯಿತು.

"ಅಜ್ಜಿಗೆ ವಯಸ್ಸಾತು ನೋಡು" ಎಂದಳು ಗೆಳತಿ, ಕಾರ್ಡಿನಿಂದ ಕಣ್ಣು ತೆಗೆಯದೆ.

"ವಯಸ್ಸಲ್ಲಬೇ, ಕಾಲು ಜೋಮು ಹಿಡಿದಾವ. ಎಷ್ಟೊತ್ತಾತು ಕುಂತು" ಎಂದೆ.

ಎಂದವಳು ಅಲ್ಲೇ ನಿಂತೆ. ಅವತ್ತು ಅವನೂ ಎಷ್ಟು ಹೊತ್ತು ಕೂತಿದ್ದ! ಅವ್ವ ಬಡಿಸುತ್ತಲೇ ಇದ್ದಳು, ಅವನು ಮಾತು ನಿಲ್ಲಿಸಿರಲಿಲ್ಲ. ಆ ಅಂಗೈಯನ್ನು ಅಪ್ಪ ಕಂಡ, ನಾನು ಕಂಡೆ, ನಾನು ಒರೆಸಿದೆ. ಕಾಲು ಜೋಮು ಹಿಡಿದಿತ್ತೇನೋ ಹುಲಿಗೆಪ್ಪಾ ಎಂದು ಒಬ್ಬರೂ ಕೇಳಲಿಲ್ಲ.

ಅವನು ಯಾಕೆ ಕೈ ಊರಿದನೋ ನನಗೆ ಗೊತ್ತಿಲ್ಲ. ಯಾಕೆ ನೋಡಿದನೋ, ಅವನು ಹೇಳಿದ್ದರ ಆಚೆ, ಗೊತ್ತಿಲ್ಲ. ಯಾರು ಬೀಳುತ್ತಿದ್ದರೋ ಅದೂ ಗೊತ್ತಿಲ್ಲ.