ಶುಂಠಿ ಚಹಾ ಮತ್ತು ಮುಚ್ಚಿದ ಕಿಟಕಿ

ಸಂಜೆ ಐದೂವರೆಗೆ ನಾನು ಕಾಲೇಜಿನಿಂದ ವಾಡಿಯ ಸಿಮೆಂಟ್ ಕಾರ್ಖಾನೆ ಕ್ವಾರ್ಟರ್ಸಿನ ನಮ್ಮ ಮನೆಗೆ ಬಂದೆ. ತಂಗಿಗೆ ನೆಗಡಿಯಾಗಿತ್ತು. ಸಿಮೆಂಟಿನ ಧೂಳು ತಾಗಬಾರದೆಂದು ಅವ್ವ ಕಿಟಕಿ ಮುಚ್ಚಿ, ಇದ್ದಿಲಿನ ಶೆಗಡಿಯನ್ನು ಹಾಸಿಗೆಯ ಪಕ್ಕಕ್ಕೇ ತಂದು ಶುಂಠಿ ಚಹಾ ಕುದಿಸುತ್ತಿದ್ದಳು.

"ಬಾಗಿಲಾ ಹಾಕು, ಧೂಳು ಬರ್ತದ," ಎಂದವಳ ನಾಲಿಗೆ ತೊದಲುತ್ತಿತ್ತು. ಅಲುಗಾಡಿಸಿದರೂ ತಂಗಿ ಕಣ್ಣು ತೆರೆಯಲಿಲ್ಲ. ಕೆಂಡದ ವಿಷಗಾಳಿ ಕೋಣೆ ತುಂಬಿದ್ದು ಆಗ ಹೊಳೆಯಿತು. ಇಬ್ಬರನ್ನೂ ಅಂಗಳಕ್ಕೆ ಎಳೆದು ತಂದೆ. ಬಹಳ ಹೊತ್ತಾದ ಮೇಲೆ ತಂಗಿ ಕೆಮ್ಮಿದಳು.

"ನೆಗಡಿಗೆ ಹೆದರಿ ಮಗಳನ್ನೇ ಕಳ್ಕೊಳ್ತಿದ್ದೆಲ್ಲವ್ವಾ!" ಎಂದು ಪಕ್ಕದ ಮನೆಯ ಕಾಕು ಗದರುತ್ತಲೇ ಅವ್ವನ ಬೆನ್ನು ತಿಕ್ಕಿದಳು.

ಆಮೇಲೆ ಎಷ್ಟೋ ದಿನ ರಾತ್ರಿಯೆಲ್ಲ ಅವ್ವ ಎದ್ದೆದ್ದು ತಂಗಿಯ ಉಸಿರು ನೋಡುವಳು, ನಾನು ಅವ್ವನದು. ಗುಣವಾದ ತಂಗಿ ಅಂಗಳದಲ್ಲೇ ಶುಂಠಿ ಜಜ್ಜಿ ನಮಗೆ ಚಹಾ ಮಾಡಿಕೊಟ್ಟ ದಿನ, ತೆರೆದ ಕಿಟಕಿಯ ಧೂಳಿನಲ್ಲಿ ಮೂವರೂ ಬೆಳಗಿನ ತನಕ ಮಲಗಿದೆವು.